ಮನೆ ಮುರಿದದ್ದು ಯಾರು? ಸರ್ವೇಯರ್ ಕೇಳೋ ಒಂದು ಪ್ರಶ್ನೆಯ ಕತೆ

ಬಿ.ಕಾಂ. ಓದಿದವರಿಗೆ ‘ಬೆಂಕಿ ವಿಮೆ ಕ್ಲೇಮು’ ಅನ್ನೋ ಚಾಪ್ಟರ್ ನೆನಪಿರುತ್ತೆ. ಗೋಡೌನ್‌ಗೆ ಬೆಂಕಿ ಬಿತ್ತು, ಇಷ್ಟು ಸರಕು ಸುಟ್ಟುಹೋಯ್ತು, ಇಷ್ಟು ಉಳೀತು, ಪಾಲಿಸಿ ಇಷ್ಟಕ್ಕಿತ್ತು, ಹಾಗಾದ್ರೆ ಕಂಪನಿ ಕೊಡಬೇಕಾದ್ದು ಎಷ್ಟು? ನಾನೂ ಈ ಲೆಕ್ಕ ಹತ್ತಾರು ಸಲ ಮಾಡಿದೀನಿ, ಮಾರ್ಕೂ ತಗೊಂಡಿದೀನಿ. ಆದ್ರೆ ಆಗ ಒಂದು ಪ್ರಶ್ನೆ ಹೊಳೀಲೇ ಇಲ್ಲ. ‘ಉಳಿದ ಸರಕಿನ ಬೆಲೆ 12,000 ರೂಪಾಯಿ’ ಅಂತ ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಗಿರುತ್ತಲ್ಲ, ಆ 12,000 ಅಂತ ಹೇಳಿದ್ದು ಯಾರು? ಬೂದಿ ಮಧ್ಯೆ ನಿಂತು ಎಣಿಸಿದ್ದು ಯಾರು?

ಉತ್ತರ ಸಿಕ್ಕಿದ್ದು ಕ್ಲಾಸಲ್ಲಲ್ಲ, ನಮ್ಮ ದೊಡ್ಡಪ್ಪನ ಮನೆಯಲ್ಲಿ.

2022ರ ಸೆಪ್ಟೆಂಬರ್ ಮೊದಲ ವಾರ. ಬೆಂಗಳೂರಿನ ಸರ್ಜಾಪುರ ರಸ್ತೆ, ಬೆಳ್ಳಂದೂರು, ಯಮಲೂರು ಎಲ್ಲಾ ಕೆರೆ ಆಗಿದ್ದು ನಿಮಗೆ ನೆನಪಿರಬಹುದು. ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರ ವಿಡಿಯೋ ಎಲ್ಲರ ಫೋನಲ್ಲೂ ಓಡಾಡ್ತಿತ್ತು. ಆ ಕಡೆಯ ಒಂದು ಲೇಔಟ್‌ನಲ್ಲಿ ದೊಡ್ಡಪ್ಪನ ಮನೆ. ಒಳಗೆ ಎರಡೂವರೆ ಅಡಿ ನೀರು. ನೀರು ಇಳಿದ ಮೇಲೆ ನಾವೆಲ್ಲ ಹೋಗಿ ಕೆಸರು ಬಳಿದ್ವಿ, ಒದ್ದೆ ಸೋಫಾ, ಹಾಸಿಗೆ ಎಲ್ಲಾ ಕಸದ ಲಾರಿಗೆ ಹಾಕಿದ್ವಿ. ದೊಡ್ಡಮ್ಮ ಪ್ರತಿವರ್ಷ ದಸರಾಕ್ಕೆ ಗೊಂಬೆ ಕೂರಿಸ್ತಾರೆ, ಹಾಗಾಗಿ ನವರಾತ್ರಿಗೆ ಮುಂಚೆ ಹಾಲ್‌ಗೆ ಬಣ್ಣಾನೂ ಹೊಡೆಸಿಬಿಟ್ರು.

ಆಮೇಲೆ ಮೂರನೇ ವಾರದಲ್ಲಿ, ಹೋಮ್ ಲೋನ್ ಫೈಲ್ ತಡಕಾಡ್ತಾ ಇದ್ದಾಗ ಗೊತ್ತಾಯ್ತು, ಸಾಲ ಕೊಟ್ಟಾಗಲೇ ಬ್ಯಾಂಕ್‌ನವರು ಮನೆಗೆ ಒಂದು ವಿಮೆ ಮಾಡಿಸಿದ್ರು ಅಂತ. ಕ್ಲೇಮ್ ಹಾಕಿದ್ವಿ. ಒಬ್ಬ ಸರ್ವೇಯರ್ ಬಂದ್ರು. ಅರವತ್ತರ ಆಸುಪಾಸಿನ ಎಂಜಿನಿಯರ್. ಕೈಯಲ್ಲಿ ಟೇಪು, ಹೆಗಲಿಗೆ ಬ್ಯಾಗು. ಅವರು ಕೇಳಿದ ಮೊದಲ ಪ್ರಶ್ನೆ: “ಸಾರ್, ನೀರು ಗೇಟಿಂದ ಒಳಗೆ ಬಂತಾ, ಇಲ್ಲಾ ಗೋಡೇಲಿ ಮುಂಚಿನಿಂದಲೇ ತೇವ ಇತ್ತಾ?”

ದೊಡ್ಡಪ್ಪನಿಗೆ ಸಿಟ್ಟು ಬಂತು. “ಇಡೀ ಊರೇ ಟಿವೀಲಿ ನೋಡಿದೆ, ಇದೇನ್ ಪ್ರಶ್ನೆ ರೀ?” ಅಂದ್ರು.

ಆದ್ರೆ ಆ ಪ್ರಶ್ನೆಗೆ ನೂರು ವರ್ಷಕ್ಕಿಂತ ಹಳೇ ಚರಿತ್ರೆ ಇದೆ. ಇವತ್ತಿನ ಸಂಚಿಕೆ ಅದರ ಬಗ್ಗೆ. ಅಮೆರಿಕದಲ್ಲಿ ಇವರಿಗೆ ಅಡ್ಜಸ್ಟರ್ ಅಂತಾರೆ, ಇಂಗ್ಲೆಂಡಲ್ಲಿ ಲಾಸ್ ಅಡ್ಜಸ್ಟರ್, ನಮ್ಮಲ್ಲಿ ಸರ್ವೇಯರ್. ಹೆಸರು ಯಾವುದಾದ್ರೂ ಕೆಲಸ ಎರಡೇ: ಎಷ್ಟು ಹಾಳಾಯ್ತು ಅಂತ ಎಣಿಸೋದು, ಯಾವುದರಿಂದ ಹಾಳಾಯ್ತು ಅಂತ ಹೇಳೋದು. ಮೊದಲನೇದು ಲೆಕ್ಕ. ಎರಡನೇದು ಒಂಥರಾ ತೀರ್ಪು. ಜಗಳ ಎಲ್ಲಾ ಹುಟ್ಟೋದು ಎರಡನೇದರಲ್ಲಿ.

ಮೊದಲು ಲಂಡನ್‌ಗೆ ಹೋಗೋಣ. 1666ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಮಹಾ ಬೆಂಕಿ ಬಿತ್ತು. 13,000ಕ್ಕೂ ಹೆಚ್ಚು ಮನೆ ಸುಟ್ಟುಹೋದ್ವು. ಆಗ ಮನೆ ವಿಮೆ ಅನ್ನೋದೇ ಇರಲಿಲ್ಲ. ಸುಟ್ಟ ಮನೆಯನ್ನ ಮತ್ತೆ ಕಟ್ಟೋ ಖರ್ಚು ಮಾಲೀಕನದೋ ಬಾಡಿಗೆದಾರನದೋ ಅನ್ನೋ ಜಗಳ ತೀರಿಸೋಕೆ ಒಂದು ವಿಶೇಷ ಕೋರ್ಟನ್ನೇ ಮಾಡಬೇಕಾಯ್ತು. ಅದಾಗಿ ಸುಮಾರು ಹದಿನೈದು ವರ್ಷಕ್ಕೆ ನಿಕೋಲಸ್ ಬಾರ್ಬನ್ ಅನ್ನೋ ಬಿಲ್ಡರ್ ಕೆಲವರ ಜೊತೆ ಸೇರಿ ಮನೆಗಳಿಗೆ ಬೆಂಕಿ ವಿಮೆ ಮಾರೋಕೆ ಶುರು ಮಾಡಿದ. ಮರದ ಮನೆಗೆ ಇಟ್ಟಿಗೆ ಮನೆಯ ಎರಡರಷ್ಟು ಪ್ರೀಮಿಯಂ. ಆಮೇಲೆ ಬಂದ ಕಂಪನಿಗಳು ವಿಮೆ ಮಾಡಿಸಿದ ಮನೆಯ ಗೋಡೆಗೆ ತಮ್ಮ ಲೋಹದ ಗುರುತು ಹೊಡೀತಿದ್ವು.

ಆ ಕಾಲದಲ್ಲಿ ಲೆಕ್ಕ ಸುಲಭ. ವಿಮೆ ಬೆಂಕಿಗೆ. ಮನೆ ಸುಟ್ಟಿದೆಯಾ? ಹೌದು. ಎಷ್ಟು? ಇಷ್ಟು. ಮುಗೀತು. ಕಷ್ಟ ಶುರುವಾಗಿದ್ದು ಒಂದೇ ಮನೆ ಮೇಲೆ ಎರಡು ಅನಾಹುತ ಒಟ್ಟಿಗೆ ಬಿದ್ದಾಗ.

1906ರ ಏಪ್ರಿಲ್ 18, ಬೆಳಗಿನ ಜಾವ 5 ಗಂಟೆ 12 ನಿಮಿಷ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ. ಒಂದು ನಿಮಿಷದೊಳಗೆ ಭೂಕಂಪ ಮುಗೀತು. ಆದ್ರೆ ಒಲೆಗಳು ಉರುಳಿ, ಗ್ಯಾಸ್ ಪೈಪು ಒಡೆದು ಅಲ್ಲಲ್ಲಿ ಬೆಂಕಿ ಹತ್ತಿಕೊಳ್ತು. ನೀರಿನ ಪೈಪೂ ಒಡೆದಿದ್ದರಿಂದ ಆರಿಸೋಕೆ ನೀರಿಲ್ಲ. ಮೂರು ದಿನ ಊರು ಉರೀತು. ಸುಮಾರು 28,000 ಕಟ್ಟಡ ನಾಶ. ನಾಲ್ಕು ಲಕ್ಷ ಜನಸಂಖ್ಯೆಯ ಊರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೀದಿಗೆ ಬಂದ್ರು. ಸತ್ತವರು 3,000ಕ್ಕೂ ಹೆಚ್ಚು ಅನ್ನೋದು ಈಗಿನ ಅಂದಾಜು.

ಈಗ ವಿಮೆಯ ವಿಷಯ ನೋಡಿ. ಹೆಚ್ಚಿನವರ ಹತ್ರ ಇದ್ದದ್ದು ಬೆಂಕಿ ವಿಮೆ. ಭೂಕಂಪಕ್ಕೆ ವಿಮೆ ಇರಲಿಲ್ಲ. ಜೊತೆಗೆ ಬಹಳಷ್ಟು ಪಾಲಿಸಿಗಳಲ್ಲಿ ಸಣ್ಣಕ್ಷರದಲ್ಲಿ ಒಂದು ಷರತ್ತು: ಬೆಂಕಿ ಅಲ್ಲದೆ ಬೇರೆ ಕಾರಣಕ್ಕೆ ಕಟ್ಟಡ ಬಿದ್ದುಹೋದ್ರೆ, ಆ ಕ್ಷಣದಿಂದಲೇ ವಿಮೆ ರದ್ದು. ಅಂದ್ರೆ ನಿಮ್ಮ ಮನೆ 5:12ಕ್ಕೆ ನಡುಗಿ ಬಿತ್ತು, ಮಧ್ಯಾಹ್ನ ಅದರ ಅವಶೇಷಕ್ಕೆ ಬೆಂಕಿ ಬಿತ್ತು ಅಂದ್ರೆ ನಿಮಗೆ ಒಂದು ಕಾಸೂ ಇಲ್ಲ. ಪಕ್ಕದ ಮನೆ ಬಿರುಕು ಬಿಟ್ಟು ನಿಂತಿತ್ತು, ಆಮೇಲೆ ಸುಟ್ಟುಹೋಯ್ತು ಅಂದ್ರೆ ಅವರಿಗೆ ದುಡ್ಡು. ಈ ಸುದ್ದಿ ಜನರಿಗೂ ಗೊತ್ತಿತ್ತು. ಭೂಕಂಪದಲ್ಲಿ ಜಖಂ ಆದ ಮನೆಗೆ ಕೆಲವರು ತಾವೇ ಬೆಂಕಿ ಇಡ್ತಿದ್ರು ಅಂತ ಆಗ ಅಲ್ಲಿದ್ದ ಸೇನಾಧಿಕಾರಿಯೊಬ್ಬರು ದಾಖಲಿಸಿದ್ದಾರೆ. ಸೈನ್ಯದವರು ಬೆಂಕಿ ಹರಡದ ಹಾಗೆ ತಡೆಯೋಕೆ ಡೈನಮೈಟ್ ಇಟ್ಟು ಮನೆಗಳನ್ನ ಉಡಾಯಿಸಿದ್ರು. ಅದು ಯಾವ ಲೆಕ್ಕಕ್ಕೆ?

ಇಂಥ ಊರಿಗೆ ಅಡ್ಜಸ್ಟರ್‌ಗಳು ಬಂದ್ರು. ನೂರಕ್ಕೂ ಹೆಚ್ಚು ಕಂಪನಿಗಳ ಪಾಲಿಸಿ ಆ ಊರಲ್ಲಿತ್ತು. ಕಂಪನಿಗಳ ಆಫೀಸೂ ಸುಟ್ಟಿದ್ದರಿಂದ ಎಷ್ಟೋ ಅಡ್ಜಸ್ಟರ್‌ಗಳು ಕೊಲ್ಲಿಯ ಆಚೆ ದಡದ ಓಕ್ಲೆಂಡ್‌ನಲ್ಲಿ ಕೂತು ಕೆಲಸ ಮಾಡಿದ್ರು. ಮನೆಯವರ ಹತ್ರ ಪಾಲಿಸಿ ಪತ್ರ ಇಲ್ಲ, ಸುಟ್ಟಿದೆ. ಕಂಪನಿ ಹತ್ರ ರಿಜಿಸ್ಟರ್ ಇಲ್ಲ, ಅದೂ ಸುಟ್ಟಿದೆ. ಕೆಲವರ ಕಾಗದ ತಿಜೋರಿಯಲ್ಲಿ ಉಳಿದಿತ್ತು. ಆದ್ರೆ ಕಬ್ಬಿಣ ಇನ್ನೂ ಕಾದಿರುವಾಗಲೇ ಅವಸರ ಮಾಡಿ ಬಾಗಿಲು ತೆಗೆದವರಿಗೆ, ಒಳಗೆ ಗಾಳಿ ನುಗ್ಗಿ ಕಾಗದ ಕಣ್ಣೆದುರೇ ಧಗ್ ಅಂತ ಹತ್ತಿಕೊಂಡಿತು. ವಾರಗಟ್ಟಲೆ ಕಾದು ತೆಗೆದವರ ಕಾಗದ ಉಳೀತು.

ಹಾಗಾದ್ರೆ ಸುಟ್ಟುಹೋದ ಮನೆ, ಸುಡೋ ಮುಂಚೆ ನಿಂತಿತ್ತಾ ಬಿದ್ದಿತ್ತಾ ಅಂತ ಹೇಗೆ ಗೊತ್ತಾಗಬೇಕು? ಅಕ್ಕಪಕ್ಕದವರ ಮಾತು, ಬೆಂಕಿ ಬರೋ ಮುಂಚೆ ಯಾರೋ ತೆಗೆದ ಫೋಟೋ. ಇವೇ ಸಾಕ್ಷಿ.

ಇಲ್ಲಿ ಕಂಪನಿಗಳು ಎರಡು ದಾರಿ ಹಿಡಿದ್ವು. ಒಂದು ಗುಂಪು ಹೇಳಿತು: ಯಾವ ಮನೆಗೆ ಎಷ್ಟು ಭೂಕಂಪ, ಎಷ್ಟು ಬೆಂಕಿ ಅಂತ ಬಿಡಿಸಿ ನೋಡೋಕೆ ಆಗಲ್ಲ, ಹಾಗಾಗಿ ಎಲ್ಲರಿಗೂ ಒಂದೇ ಸಮ ಕಾಲು ಭಾಗ ಕಡಿಮೆ ಮಾಡಿ, ಡಾಲರಿಗೆ 75 ಸೆಂಟ್ ಕೊಡೋಣ. ಜನ ಇವರಿಗೆ ಅಡ್ಡಹೆಸರು ಇಟ್ರು. ಅದನ್ನ ನಮ್ಮ ಅಜ್ಜಂದಿರ ಲೆಕ್ಕದಲ್ಲಿ ಹೇಳೋದಾದ್ರೆ ‘ಹನ್ನೆರಡಾಣೆ ಕಂಪನಿಗಳು’. ಇನ್ನೊಂದು ಗುಂಪು ಹದಿನಾರಾಣೆ ಕೊಡ್ತೀವಿ, ಆದ್ರೆ ಪ್ರತಿ ಮನೆಯನ್ನೂ ಬೇರೆಬೇರೆ ನೋಡಿ ಕೊಡ್ತೀವಿ ಅಂತು. ಲಂಡನ್ನಿನ ಲಾಯ್ಡ್ಸ್‌ನಲ್ಲಿದ್ದ ಕತ್ಬರ್ಟ್ ಹೀತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಪಾಲಿಸಿಯ ಷರತ್ತು ಏನೇ ಇರಲಿ, ನಮ್ಮ ಎಲ್ಲಾ ಪಾಲಿಸಿದಾರರಿಗೂ ಪೂರ್ತಿ ಕೊಟ್ಟುಬಿಡಿ ಅಂತ ತನ್ನ ಏಜೆಂಟ್‌ಗೆ ಟೆಲಿಗ್ರಾಂ ಕೊಟ್ಟ. ಲಾಯ್ಡ್ಸ್ ಹೆಸರು ಅಮೆರಿಕದಲ್ಲಿ ಗಟ್ಟಿಯಾಗಿದ್ದು ಅದರಿಂದ. ಫೈರ್‌ಮನ್ಸ್ ಫಂಡ್ ಅನ್ನೋ ಸ್ಥಳೀಯ ಕಂಪನಿಯ ಮುಖ್ಯ ಕಚೇರಿಯೇ ಸುಟ್ಟಿತ್ತು, ಕ್ಲೇಮುಗಳ ಮೊತ್ತ ಅದರ ಆಸ್ತಿಯನ್ನೂ ಮೀರಿತ್ತು. ಅವರು ಅರ್ಧ ನಗದು, ಅರ್ಧ ತಮ್ಮದೇ ಷೇರು ಅನ್ನೋ ಥರ ಕೊಟ್ಟು ಉಳಿದುಕೊಂಡ್ರು. ಯುರೋಪಿನ ಕೆಲವು ಕಂಪನಿಗಳು ಕೈ ಎತ್ತಿಬಿಟ್ಟವು.

ಒಟ್ಟು ಸುಮಾರು 23 ಕೋಟಿ ಡಾಲರ್ ಕ್ಲೇಮ್ ಹಣ ಆ ಊರಿಗೆ ಬಂತು. ಊರು ಮತ್ತೆ ಎದ್ದು ನಿಂತದ್ದರಲ್ಲಿ ಅದರದ್ದೂ ಪಾಲಿದೆ. ಆಮೇಲೆ ಅಲ್ಲಿನ ಚೇಂಬರ್ ಆಫ್ ಕಾಮರ್ಸ್ ಯಾವ ಕಂಪನಿ ಹೇಗೆ ನಡ್ಕೊಂಡಿತು ಅಂತ ಒಂದು ವರದಿಯನ್ನೇ ಮಾಡಿಸಿತು. 1909ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಬೆಂಕಿ ವಿಮೆ ಪಾಲಿಸಿಗೆ ಒಂದೇ ನಮೂನೆ ಇರಬೇಕು ಅಂತ ಕಾನೂನು ಮಾಡಿತು. ಒಬ್ಬೊಬ್ಬರು ಒಂದೊಂದು ಸಣ್ಣಕ್ಷರ ಸೇರಿಸೋದಕ್ಕೆ ಕಡಿವಾಣ ಬಿತ್ತು.

ನಮ್ಮ ದೇಶದಲ್ಲೂ ಇಂಥದ್ದೇ ಒಂದು ಗಂಟು ಬಿದ್ದಿತ್ತು. 1944ರ ಏಪ್ರಿಲ್ 14, ಬಾಂಬೆ ಬಂದರು. ಫೋರ್ಟ್ ಸ್ಟಿಕಿನ್ ಅನ್ನೋ ಹಡಗಲ್ಲಿ ಹತ್ತಿ ಮೂಟೆ ಮತ್ತು ಸಾವಿರಕ್ಕೂ ಹೆಚ್ಚು ಟನ್ ಸ್ಫೋಟಕ ಒಟ್ಟಿಗೆ. ಹತ್ತಿಗೆ ಬೆಂಕಿ ಬಿತ್ತು, ಸಂಜೆ ನಾಲ್ಕರ ಮೇಲೆ ಹಡಗು ಎರಡು ಸಲ ಸಿಡೀತು, ಆ ಸಿಡಿತದಿಂದ ಮತ್ತೆ ಊರಿಗೆ ಬೆಂಕಿ. ಇದು ಬೆಂಕಿಯೋ ಸ್ಫೋಟವೋ? ಯುದ್ಧದ ಕಾಲ ಬೇರೆ. ಕೊನೆಗೆ ಆ ನಷ್ಟದ ಪರಿಹಾರಕ್ಕೆ ಅಂತಾನೇ ಸರ್ಕಾರ ಅದೇ ವರ್ಷ ಒಂದು ಸುಗ್ರೀವಾಜ್ಞೆ ತರಬೇಕಾಯ್ತು.

ಇದೆಲ್ಲಾ ಹಳೇ ಕತೆ ಅಂದ್ಕೋಬೇಡಿ. ನೇರವಾಗಿ 2005ಕ್ಕೆ ಬನ್ನಿ. ಆಗಸ್ಟ್ 29, ಕತ್ರಿನಾ ಚಂಡಮಾರುತ. ನ್ಯೂ ಆರ್ಲಿಯನ್ಸ್ ಬಗ್ಗೆ ಎಲ್ಲರೂ ಕೇಳಿದೀವಿ. ಆದ್ರೆ ಪಕ್ಕದ ಮಿಸಿಸಿಪ್ಪಿ ರಾಜ್ಯದ ಕರಾವಳಿಯಲ್ಲಿ ಸಮುದ್ರ ಕೆಲವು ಕಡೆ 27 ಅಡಿ ಎತ್ತರಕ್ಕೆ ಏರಿ ಒಳಗೆ ಬಂತು. ಎಷ್ಟೋ ಕಡೆ ಮನೆ ಪೂರ್ತಿ ಹೋಗಿ, ಬರೀ ನೆಲದ ಕಾಂಕ್ರೀಟ್ ಹಾಸು ಉಳಿದಿತ್ತು. ಅಡ್ಜಸ್ಟರ್ ಬಂದು ನೋಡಿದ್ರೆ ಬರೀ ನೆಲ. ಈಗ ಪ್ರಶ್ನೆ: ಮನೆ ಮುರಿದದ್ದು ಗಾಳಿಯಾ, ನೀರಾ?

ಇದರಲ್ಲಿ ದುಡ್ಡಿನ ಸೂಕ್ಷ್ಮ ಇದೆ, ಕಿವಿಗೊಟ್ಟು ಕೇಳಿ. ಅಲ್ಲಿ ಗಾಳಿಗೆ ಖಾಸಗಿ ಕಂಪನಿಯ ವಿಮೆ. ಪ್ರವಾಹಕ್ಕೆ ಸರ್ಕಾರದ ವಿಮೆ, 1968ರ ಕಾನೂನಿನಿಂದ ಬಂದದ್ದು. ಆದ್ರೆ ಸರ್ಕಾರದ ಪಾಲಿಸಿ ಮಾರೋದು, ಕ್ಲೇಮ್ ನೋಡೋದು ಎಲ್ಲಾ ಬಹುತೇಕ ಅದೇ ಖಾಸಗಿ ಕಂಪನಿಗಳು, ಸರ್ಕಾರದ ಪರವಾಗಿ. ಅಂದ್ರೆ ಒಬ್ಬನೇ ಅಡ್ಜಸ್ಟರ್ ‘ಗಾಳಿ’ ಅಂತ ಬರೆದ್ರೆ ದುಡ್ಡು ಕಂಪನಿಯ ಜೇಬಿಂದ. ‘ನೀರು’ ಅಂತ ಬರೆದ್ರೆ ಸರ್ಕಾರದ ಜೇಬಿಂದ. ಅಡ್ಜಸ್ಟರ್‌ಗೆ ಸಂಬಳ ಕೊಡೋದು ಕಂಪನಿ. ಪೆನ್ನು ಯಾವ ಕಡೆ ವಾಲುತ್ತೆ ಅಂತ ಊಹಿಸೋಕೆ ಬಿ.ಕಾಂ. ಬೇಕಿಲ್ಲ.

ಸ್ಟೇಟ್ ಫಾರ್ಮ್ ಅನ್ನೋ ದೊಡ್ಡ ಕಂಪನಿಯ ಕ್ಲೇಮುಗಳನ್ನ ನೋಡ್ತಿದ್ದ ಇಬ್ಬರು ಅಡ್ಜಸ್ಟರ್‌ಗಳು, ಅಕ್ಕ ತಂಗಿ, ಈ ವಾಲುವಿಕೆಯನ್ನ ನೋಡಿ ಸುಮ್ಮನಿರಲಿಲ್ಲ. ಒಂದು ಮನೆಯ ಫೈಲಲ್ಲಿ ಎಂಜಿನಿಯರ್‌ನ ಮೊದಲ ವರದಿ, ಹಾನಿಗೆ ಮುಖ್ಯ ಕಾರಣ ಗಾಳಿ ಅಂದಿತ್ತು. ಅದರ ಮೇಲೆ ಇದನ್ನ ಚರ್ಚೆ ಮಾಡಬೇಡಿ ಅಂತ ಒಂದು ಚೀಟಿ ಅಂಟಿಸಿತ್ತು. ಆಮೇಲೆ ಬಂದ ಎರಡನೇ ವರದಿ ನೀರು ಅಂತ ಹೇಳಿತು. ಅಕ್ಕತಂಗಿಯರು ಸರ್ಕಾರದ ಪರವಾಗಿ ಕೇಸು ಹಾಕಿದ್ರು. 2013ರಲ್ಲಿ ಜ್ಯೂರಿ ಅವರ ಪರ ನಿಂತಿತು: ಗಾಳಿಯಿಂದ ಆದ ಹಾನಿಯನ್ನ ಪ್ರವಾಹ ಅಂತ ತೋರಿಸಿ ಸರ್ಕಾರದಿಂದ ಹಣ ಕೊಡಿಸಲಾಗಿದೆ ಅಂತ. ಆ ಒಂದೇ ಮನೆಗೆ ಕಂಪನಿ ಮೂರು ಪಟ್ಟು, ಸುಮಾರು ಏಳೂವರೆ ಲಕ್ಷ ಡಾಲರ್ ಕಟ್ಟಬೇಕಾಯ್ತು. ಕೇಸು ಗೌಪ್ಯವಾಗಿರಬೇಕಾದ ಹೊತ್ತಲ್ಲಿ ಸುದ್ದಿ ಹೊರಗೆ ಬಿಟ್ಟಿದ್ರು, ಹಾಗಾಗಿ ಕೇಸನ್ನೇ ವಜಾ ಮಾಡಿ ಅಂತ ಕಂಪನಿ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 2016ರಲ್ಲಿ ಆ ಕೋರ್ಟೂ ಒಮ್ಮತದಿಂದ ಒಪ್ಪಲಿಲ್ಲ.

ಹಾಗಾದ್ರೆ ನಮ್ಮಲ್ಲಿ?

ನಮ್ಮಲ್ಲಿ 1938ರ ವಿಮಾ ಕಾಯ್ದೆಗೆ 1968ರಲ್ಲಿ ತಿದ್ದುಪಡಿ ಆಗಿ 64ಯುಎಂ ಅನ್ನೋ ಸೆಕ್ಷನ್ ಸೇರಿತು. ಸರ್ವೇಯರ್ ಆಗೋಕೆ ಲೈಸೆನ್ಸ್ ಬೇಕು, ಮತ್ತು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಕ್ಲೇಮನ್ನ ಲೈಸೆನ್ಸ್ ಇರೋ ಸರ್ವೇಯರ್ ವರದಿ ಇಲ್ಲದೆ ಕಂಪನಿ ಇತ್ಯರ್ಥ ಮಾಡೋ ಹಾಗಿಲ್ಲ ಅಂತ ಅದು ಹೇಳಿತು. ಮೊತ್ತದ ಮಿತಿ ಆಮೇಲೆ ಬದಲಾಯ್ತು, ತತ್ವ ಉಳೀತು. 1973ರ ಜನವರಿಯಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣ ಆಗಿ ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕು ಸರ್ಕಾರಿ ಕಂಪನಿಗಳಾದ್ವು. 1999ರ ಕಾನೂನಿನ ಮೇಲೆ ಖಾಸಗಿಯವರು ಮತ್ತೆ ಬಂದ್ರು. ಇಷ್ಟೆಲ್ಲಾ ಬದಲಾದ್ರೂ ಸರ್ವೇಯರ್ ಮಾತ್ರ ಕಾನೂನಿನಲ್ಲಿ ತನ್ನ ಜಾಗದಲ್ಲೇ ಇದ್ದಾರೆ. ಕಾಗದದ ಮೇಲೆ ಅವರು ಸ್ವತಂತ್ರರು, ಕಂಪನಿಯ ನೌಕರರಲ್ಲ. ಆದ್ರೆ ಅವರನ್ನ ನೇಮಿಸೋದು ಕಂಪನಿ, ಫೀಸು ಕೊಡೋದೂ ಕಂಪನಿ. ಅಮೆರಿಕದಲ್ಲಿ ಮನೆ ಮಾಲೀಕರ ಪರವಾಗಿ, ಸಿಗೋ ಹಣದಲ್ಲಿ ಪಾಲು ತಗೊಂಡು ಕೆಲಸ ಮಾಡೋ ಪಬ್ಲಿಕ್ ಅಡ್ಜಸ್ಟರ್ ಅನ್ನೋ ಬೇರೆ ವೃತ್ತಿಯೇ ಇದೆ. ನಮ್ಮಲ್ಲಿ ಸಾಮಾನ್ಯ ಮನೆಯವರ ಕಡೆಯಿಂದ ಮಾತಾಡೋಕೆ ಸಾಮಾನ್ಯವಾಗಿ ಮನೆಯವರೇ.

ಹಾಗಂತ ಸರ್ವೇಯರ್ ಬರೆದದ್ದೇ ಕೊನೆಯಲ್ಲ. 2009ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎರಡು ಮಾತು ಸ್ಪಷ್ಟ ಮಾಡಿತು. ಒಂದು: ಸರ್ವೇಯರ್ ವರದಿ ಮಹತ್ವದ್ದು, ಆದ್ರೆ ಅದು ಅಂತಿಮ ಅಲ್ಲ, ಕಂಪನಿಯನ್ನೂ ಕಟ್ಟಿಹಾಕಲ್ಲ, ನಿಮ್ಮನ್ನೂ ಕಟ್ಟಿಹಾಕಲ್ಲ. ಎರಡು: ತನಗೆ ಬೇಕಾದ ವರದಿ ಬರೋವರೆಗೆ ಕಂಪನಿ ಒಬ್ಬರಾದ ಮೇಲೆ ಒಬ್ಬ ಸರ್ವೇಯರನ್ನ ಕಳಿಸ್ತಾ ಇರೋ ಹಾಗಿಲ್ಲ. ಇನ್ನೊಬ್ಬರನ್ನ ಕಳಿಸಬೇಕಾದ್ರೆ ಸರಿಯಾದ ಕಾರಣ ಕೊಡಬೇಕು. ಮಿಸಿಸಿಪ್ಪಿಯ ಆ ಎರಡನೇ ವರದಿ ನೆನಪಿಸಿಕೊಳ್ಳಿ, ಇದರ ಬೆಲೆ ಗೊತ್ತಾಗುತ್ತೆ.

ಈಗ ಮತ್ತೆ ದೊಡ್ಡಪ್ಪನ ಹಾಲ್‌ಗೆ.

“ನೀರು ಎಲ್ಲಿವರೆಗೆ ಬಂದಿತ್ತು?” ಅಂತ ಸರ್ವೇಯರ್ ಕೇಳಿದ್ರು. ದೊಡ್ಡಪ್ಪ ಸೊಂಟದ ಹತ್ರ ಕೈ ಇಟ್ಟು ತೋರಿಸಿದ್ರು. ಗೋಡೆ ಫಳಫಳ ಹೊಸ ಬಣ್ಣ. ಒಂದು ಗುರುತಿಲ್ಲ. ಸೋಫಾ ಇಲ್ಲ, ಹಾಸಿಗೆ ಇಲ್ಲ, ನಾವೇ ಕಳಿಸಿದ್ವಲ್ಲ. ಆ ಮನುಷ್ಯ ‘ಸಾಕ್ಷಿ ಇಲ್ಲ’ ಅಂತ ಬರೆದು ಹೋಗಬಹುದಿತ್ತು. ಯಾರೂ ಕೇಳ್ತಿರಲಿಲ್ಲ. ಅವರು ಸುತ್ತ ನೋಡಿ, “ಈ ಬೀರು ಸರಿಸಿದ್ರಾ ಬಣ್ಣ ಹೊಡೆಯೋವಾಗ?” ಅಂದ್ರು. ಇಲ್ಲ, ಭಾರ ಅಂತ ಬಿಟ್ಟಿದ್ರು. ನಾನೂ ಅವರೂ ಸೇರಿ ಬೀರು ಎಳೆದ್ವಿ. ಹಿಂದಿನ ಗೋಡೆಯಲ್ಲಿ ಕಂದು ಬಣ್ಣದ ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಟೇಪ್ ಹಿಡಿದು ಫೋಟೋ ತೆಗೆದ್ರು. ತೇವ ಕೆಳಗಿಂದ ಮೇಲಕ್ಕೆ ಏರಿದ್ರೆ ಗೆರೆ ಅಂಕುಡೊಂಕಾಗಿರುತ್ತೆ, ನೀರು ನಿಂತಿದ್ರೆ ಮಾತ್ರ ಹೀಗೆ ಸಮವಾಗಿ ಬರುತ್ತೆ ಅಂತ ನಮಗೆ ವಿವರಿಸಿದ್ರು. ವರದಿಯಲ್ಲಿ ‘ಪ್ರವಾಹ’ ಅಂತ ಬರೆದ್ರು.

ಕೇಳಿದ್ದು 3,80,000, ಬಂದಿದ್ದು 1,46,000. ಅದು ಹಳೇ ಪಾಲಿಸಿ, ಕಟ್ಟಡಕ್ಕೆ ಮಾತ್ರ. ಫ್ರಿಜ್, ಸೋಫಾ ಅದರಲ್ಲಿ ಬರಲ್ಲ. ಬಾಗಿಲು ಹಳೇದು ಅಂತ ಸವಕಳಿ ಕಳೆದ್ರು. ದೊಡ್ಡಪ್ಪ ಇವತ್ತಿಗೂ ಗೊಣಗ್ತಾರೆ. ದೊಡ್ಡಮ್ಮ ಮಾತ್ರ, “ಆ ಬೀರು ಸರಿಸಿದ ಪುಣ್ಯಾತ್ಮ ಇಲ್ದೇ ಇದ್ದಿದ್ರೆ ಅದೂ ಬರ್ತಿರಲಿಲ್ಲ” ಅಂತಾರೆ.

ನಿಮಗೆ ಉಪಯೋಗ ಆಗೋ ನಾಲ್ಕು ಮಾತು ಹೇಳಿ ಮುಗಿಸ್ತೀನಿ. ಮನೆಗೆ ಹೋಮ್ ಲೋನ್ ಇದ್ರೆ ಇವತ್ತೇ ಫೈಲ್ ತೆಗೆದು ವಿಮೆ ಇದೆಯಾ ನೋಡಿ, ನಮ್ಮ ಹಾಗೆ ಮೂರು ವಾರ ಆದ ಮೇಲಲ್ಲ. 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಅನ್ನೋ ಒಂದೇ ನಮೂನೆಯ ಪಾಲಿಸಿ ಬಂದಿದೆ. ಕ್ಯಾಲಿಫೋರ್ನಿಯಾ 1909ರಲ್ಲಿ ಮಾಡಿದ ಥರದ್ದೇ ಕೆಲಸ. ಕ್ಲಾಸಲ್ಲಿ ನಾವು ಓದಿದ ಆವರೇಜ್ ಕ್ಲಾಸ್ ಇತ್ತಲ್ಲ, 40 ಲಕ್ಷದ ಮನೆಗೆ 20 ಲಕ್ಷಕ್ಕೆ ವಿಮೆ ಮಾಡಿದ್ರೆ 4 ಲಕ್ಷದ ನಷ್ಟಕ್ಕೆ 2 ಲಕ್ಷ ಮಾತ್ರ ಅನ್ನೋದು, ಆ ಕಡಿತ ಇದರಲ್ಲಿ ಇಲ್ಲ. ಅನಾಹುತ ಆದ್ರೆ ಗುಡಿಸೋ ಮುಂಚೆ ಫೋಟೋ, ವಿಡಿಯೋ ತೆಗೀರಿ. ನೀರಿನ ಗೆರೆ, ಗೇಟು, ರಸ್ತೆ, ಎಲ್ಲಾ ಇರಲಿ. ಸಾಮಾನು ಎಸೆಯೋ ಮುಂಚೆ ಕಂಪನಿಗೆ ತಿಳಿಸಿ. ಸರ್ವೇಯರ್ ವರದಿಯ ಪ್ರತಿ ಕೇಳಿ ತಗೊಳ್ಳಿ. ಒಪ್ಪಿಗೆ ಆಗದಿದ್ರೆ ಮೊದಲು ಕಂಪನಿಗೇ ಬರೆದು ದೂರು ಕೊಡಿ, ಒಂದು ತಿಂಗಳಲ್ಲಿ ಸರಿಹೋಗದಿದ್ರೆ ವಿಮಾ ಓಂಬುಡ್ಸ್‌ಮನ್ ಹತ್ರ ಹೋಗಬಹುದು. ಬೆಂಗಳೂರಲ್ಲೇ ಕಚೇರಿ ಇದೆ, ಫೀಸಿಲ್ಲ, ವಕೀಲರು ಬೇಕಿಲ್ಲ.

ಮತ್ತೆ ಸರ್ವೇಯರ್ ಬಂದು “ನೀರು ಎಲ್ಲಿಂದ ಬಂತು?” ಅಂತ ಕೇಳಿದ್ರೆ ಸಿಟ್ಟು ಮಾಡ್ಕೋಬೇಡಿ. ದುಡ್ಡು ಬರೋದು ಬಿಡೋದು ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಉತ್ತರ ನಿಮ್ಮ ಫೋನಲ್ಲಿ ರೆಡಿ ಇರಲಿ. ಎಲ್ಲಾ ಮನೆಯಲ್ಲೂ ಸರಿಸದೇ ಬಿಟ್ಟ ಬೀರು ಇರಲ್ಲ.

ಈ ಸಂಚಿಕೆ ಇಷ್ಟವಾದ್ರೆ ಮನೆ ಕಟ್ಟಿಸ್ತಾ ಇರೋ ಒಬ್ಬ ಗೆಳೆಯನಿಗಾದ್ರೂ ಕಳಿಸಿ.